ಮರಿ ನಿಧಾನವಾಗಿ ಬೆಳೆಯಲಿ

ನಾಯಿಮರಿ ತಂದವರು ಕೇಳುವ ಮೊದಲ ಪ್ರಶ್ನೆ ‘ಏನು ಹಾಕಬೇಕು?’. ಎರಡನೆಯದು ‘ಎಷ್ಟು ಹಾಕಬೇಕು?’. ಮೊದಲನೆಯದಕ್ಕೆ ನೂರು ಜನ ನೂರು ಉತ್ತರ ಕೊಡುತ್ತಾರೆ, ಬೇಕಾದರೆ ಜಗಳಕ್ಕೂ ನಿಲ್ಲುತ್ತಾರೆ. ಎರಡನೆಯದಕ್ಕೆ ಬಂದರೆ ಎಲ್ಲರೂ ಒಂದಾಗಿಬಿಡುತ್ತಾರೆ: ‘ಹೊಟ್ಟೆ ತುಂಬ ಹಾಕಿ, ಬೆಳೆಯೋ ಜೀವ ಅಲ್ವಾ?’

ನನ್ನ ತಕರಾರಿರುವುದು ಈ ಎರಡನೇ ಉತ್ತರದ ಮೇಲೆ.

ಬೆಳೆಯುವ ಮರಿಗೆ ಜಾಸ್ತಿ ಆಹಾರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ಜಾಸ್ತಿ, ಎಲ್ಲಿಯವರೆಗೆ ಜಾಸ್ತಿ ಅಂತ ಯಾರೂ ಕೇಳುವುದಿಲ್ಲ. ಮರಿ ದುಂಡಗಾದಷ್ಟೂ ನೋಡುವವರಿಗೆ ಖುಷಿ. ‘ಅಬ್ಬಾ, ಎಷ್ಟು ಬೇಗ ಬೆಳೆದುಬಿಟ್ಟ!’ ಅಂದರೆ ಸಾಕಿದವರ ಎದೆ ಉಬ್ಬುತ್ತದೆ. ಬೇಗ ಬೆಳೆದರೆ ಆರೋಗ್ಯವಾಗಿದೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ನಾಯಿಯ ವಿಷಯದಲ್ಲಿ, ಅದರಲ್ಲೂ ದೊಡ್ಡ ಜಾತಿಯ ನಾಯಿಯ ವಿಷಯದಲ್ಲಿ, ಲೆಕ್ಕ ಉಲ್ಟಾ.

ಮರಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಊಟದ ಕಥೆ ಸಾಕಷ್ಟು ಮುಂದೆ ಬಂದಿರುತ್ತದೆ. ಹುಟ್ಟಿದ ದಿನ ತಾಯಿ ಕುಡಿಸುವ ಗಿಣ್ಣುಹಾಲಿನಲ್ಲಿ ರೋಗನಿರೋಧಕ ಅಂಶಗಳಿರುತ್ತವೆ. ಮರಿಯ ಕರುಳು ಅವನ್ನು ಹಾಗೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಹೆಚ್ಚೂಕಡಿಮೆ ಮೊದಲ 24 ಗಂಟೆ ಮಾತ್ರ. ಮೂರನೇ ವಾರದ ಹೊತ್ತಿಗೆ ಹಾಲುಹಲ್ಲು ಮೂಡಲು ಶುರುವಾಗುತ್ತದೆ. ಒಟ್ಟು 28 ಹಲ್ಲು, ಒಂದೊಂದೂ ಚೂಪು. ತಾಯಿಗೆ ಚುಚ್ಚುತ್ತದೆ. ಮರಿಗಳು ಕುಡಿಯುತ್ತಿರುವಾಗಲೇ ಅವಳು ಎದ್ದು ಹೊರಡುತ್ತಾಳೆ. ಒಂದೆರಡು ಮರಿ ಮೊಲೆ ಬಿಡದೆ ಜೋತುಬಿದ್ದು, ನಾಲ್ಕು ಹೆಜ್ಜೆ ಎಳೆಸಿಕೊಂಡು ಹೋಗಿ ಬೀಳುತ್ತವೆ. ಹಾಲು ಬಿಡಿಸುವ ಕೆಲಸ ಅವಳೇ ಶುರು ಮಾಡುತ್ತಾಳೆ. ಆ ಹೊತ್ತಿಗೆ ಮೆತ್ತಗೆ ನೆನೆಸಿದ ಆಹಾರವನ್ನು ಅಗಲದ ತಟ್ಟೆಯಲ್ಲಿ ಇಡುವುದಷ್ಟೇ ನಮ್ಮ ಕೆಲಸ. ಮರಿಗಳು ಮೊದಲು ಅದರ ಮೇಲೆ ನಡೆಯುತ್ತವೆ, ಆಮೇಲೆ ಅದರಲ್ಲೇ ಕೂರುತ್ತವೆ, ಕೊನೆಗೆ ಒಂದರ ಕಾಲು ಒಂದು ನೆಕ್ಕುತ್ತಾ ‘ಓ, ಇದು ತಿನ್ನೋದು’ ಅಂತ ಕಂಡುಕೊಳ್ಳುತ್ತವೆ. 7–8 ವಾರಕ್ಕೆ ಹಾಲು ಬಿಟ್ಟಿರುತ್ತವೆ.

ಹಾಲು ಅಂದಕೂಡಲೇ ಒಂದು ಮಾತು. ಮರಿ ಮನೆಗೆ ಬಂತು ಅಂದರೆ ಒಂದು ಬಟ್ಟಲು ಹಸುವಿನ ಹಾಲು ಇಡುವುದು ನಮಗೆಲ್ಲ ತಾನಾಗಿಯೇ ತೋಚುತ್ತದೆ. ಆದರೆ ನಾಯಿಯ ಹಾಲೇ ಬೇರೆ. ಅದರಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹಸುವಿನ ಹಾಲಿನ ಎರಡು ಪಟ್ಟಿಗೂ ಜಾಸ್ತಿ, ಲ್ಯಾಕ್ಟೋಸ್ ಅನ್ನುವ ಸಕ್ಕರೆ ಕಡಿಮೆ. ಹಾಲು ಬಿಟ್ಟ ಮೇಲೆ ಆ ಸಕ್ಕರೆಯನ್ನು ಕರಗಿಸುವ ಶಕ್ತಿಯೂ ಮರಿಯ ಹೊಟ್ಟೆಯಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ಎಷ್ಟೋ ಮರಿಗಳಿಗೆ ಹಾಲು ಕುಡಿದ ಮೇಲೆ ಬೇಧಿ. ಕೆಲವಕ್ಕೆ ಏನೂ ಆಗುವುದಿಲ್ಲ, ಅದು ಬೇರೆ ಮಾತು. ತಾಯಿ ಇಲ್ಲದ ಎಳೆಮರಿಗೆ ನಾಯಿಮರಿಗಳಿಗಾಗಿಯೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನು ಕೊಡಬೇಕು. ಎಂಟು ವಾರದ ಮರಿಗೆ ನೀರು ಸಾಕು.

ಕರಿಯ ನಮ್ಮ ಮನೆಗೆ ಬಂದಾಗ ಇದೇ ವಯಸ್ಸು. ಲ್ಯಾಬ್ರಡಾರ್ ರಕ್ತ ಅರ್ಧಕ್ಕಿಂತ ಜಾಸ್ತಿಯೇ ಇರಬೇಕು, ಹಸಿವು ಮಾತ್ರ ಪೂರ್ತಿ ಲ್ಯಾಬ್ರಡಾರಿನದು. ಬಟ್ಟಲು ಕೆಳಗಿಟ್ಟರೆ ಮುಂಗಾಲು ಎರಡೂ ಒಳಗೆ. ಮೂಗಿನಿಂದ ಬಟ್ಟಲನ್ನು ತಳ್ಳುತ್ತಾ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಹೋಗುತ್ತಿದ್ದ. ತಿನ್ನುವ ಆತುರಕ್ಕೆ ಹಿಂಗಾಲು ನೆಲ ಬಿಟ್ಟು ಮೇಲೇಳುತ್ತಿದ್ದವು. ಮುಗಿದ ಮೇಲೆ ಖಾಲಿ ಬಟ್ಟಲನ್ನು ನೆಕ್ಕಿ, ನಮ್ಮ ಮುಖ ನೋಡಿ, ಮತ್ತೆ ನೆಕ್ಕುವುದು. ಅದನ್ನು ನೋಡಿದ ಅಮ್ಮ ಅಲ್ಲೇ ತೀರ್ಪು ಕೊಟ್ಟರು: ‘ಪಾಪ ಕಣೋ, ಮರೀಗೆ ಹೊಟ್ಟೆ ತುಂಬಿಲ್ಲ. ಇನ್ನೊಂದು ಹಿಡಿ ಹಾಕು.’

ಆ ಇನ್ನೊಂದು ಹಿಡಿಯ ಬಗ್ಗೆಯೇ ನಾನು ಬರೆಯುತ್ತಿರುವುದು.

ಸ್ವಲ್ಪ ಲೆಕ್ಕ ಹಾಕೋಣ. ಪಶುವೈದ್ಯರು ಬಳಸುವ ಸೂತ್ರವೊಂದಿದೆ. ನಾಯಿ ಸುಮ್ನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲೊರಿಯನ್ನು ಅದರ ತೂಕದಿಂದ ಕಂಡುಹಿಡಿಯುತ್ತಾರೆ: ತೂಕವನ್ನು 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸುವುದು. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರು ಪಟ್ಟು ಬೇಕು. ನಾಲ್ಕು ತಿಂಗಳಾದ ಮೇಲೆ, ಬೆಳವಣಿಗೆ ಮುಗಿಯುವವರೆಗೆ ಎರಡು ಪಟ್ಟು. ಸಂತಾನಹರಣ ಆಪರೇಷನ್ ಆದ ಬೆಳೆದ ನಾಯಿಗೆ ಸುಮಾರು 1.6 ಪಟ್ಟು. ಐದು ಕಿಲೋದ ಎಳೆಮರಿಗೆ ದಿನಕ್ಕೆ 700 ಕ್ಯಾಲೊರಿ ಬೇಕಾದರೆ, ಐದೇ ಕಿಲೋ ತೂಗುವ ಬೆಳೆದ ನಾಯಿಗೆ 375 ಸಾಕು. ‘ಬೆಳೆಯೋ ಜೀವ’ ಅನ್ನುವವರ ಮಾತು ಇಲ್ಲಿಯವರೆಗೆ ಸರಿ.

ಮುಂದೆ ನೋಡಿ. ಆರು ತಿಂಗಳಿಗೆ 20 ಕಿಲೋ ತೂಗುವ ಮರಿಗೆ ಇದೇ ಲೆಕ್ಕದಲ್ಲಿ ಸುಮಾರು 1,320 ಕ್ಯಾಲೊರಿ. ಅದೇ ನಾಯಿ ಬೆಳೆದು 30 ಕಿಲೋ ಆದಾಗ ಸುಮಾರು 1,435. ಮೈ ಒಂದೂವರೆ ಪಟ್ಟಾಯಿತು, ಊಟ ಮಾತ್ರ ಹೆಚ್ಚಿದ್ದು ಬರೀ ನೂರು ಚಿಲ್ಲರೆ ಕ್ಯಾಲೊರಿ. ಅಂದರೆ ದೊಡ್ಡ ನಾಯಿ ತನ್ನ ಜೀವಮಾನದ ಊಟದ ಅಳತೆಯನ್ನು ಇನ್ನೂ ಮರಿಯಾಗಿರುವಾಗಲೇ ಹೆಚ್ಚೂಕಡಿಮೆ ಮುಟ್ಟಿಬಿಟ್ಟಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮಾತ್ರ ಬೇರೆ: ಕಾಲು ಉದ್ದವಾಗುತ್ತಿದೆ, ಕೊರಳಪಟ್ಟಿ ಬಿಗಿಯಾಗುತ್ತಿದೆ. ಊಟವೂ ಹಾಗೇ ಏರಬೇಕು ಅಂದುಕೊಂಡು ತಿಂಗಳು ತಿಂಗಳು ಒಂದೊಂದು ಹಿಡಿ ಏರಿಸುತ್ತಾ ಹೋಗುತ್ತೇವೆ. ಈ ಸೂತ್ರವೂ ಅಂದಾಜೇ ಅನ್ನಿ. ಒಂದೇ ತೂಕದ ಎರಡು ನಾಯಿಗಳಿಗೆ ಬೇಕಾಗುವುದು ಒಂದೇ ಇರುವುದಿಲ್ಲ. ಆದರೆ ಏರಿಕೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ಜಾಸ್ತಿ ತಿಂದರೆ ಆಗುವುದೇನು? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಉತ್ತರ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ್ದು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಇಟ್ಟುಕೊಂಡು, ಒಂದು ತಿಂದದ್ದಕ್ಕಿಂತ ಕಾಲು ಭಾಗ ಕಡಿಮೆಯನ್ನು ಇನ್ನೊಂದಕ್ಕೆ ಕೊಡುತ್ತಾ ಹೋದರು. ಒಂದೆರಡು ವರ್ಷವಲ್ಲ, ಎಂಟನೇ ವಾರದಿಂದ ಸಾಯುವವರೆಗೆ. ಜಾಸ್ತಿ ತಿಂದ ಗುಂಪಿನ ಮಧ್ಯಮ ಆಯಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಕೀಲುಬೇನೆ ಕೂಡ ಕಡಿಮೆ ತಿಂದವಕ್ಕೆ ತಡವಾಗಿ ಬಂತು. ಇಲ್ಲಿ ಗಮನಿಸಬೇಕಾದ್ದು, ಜಾಸ್ತಿ ತಿಂದ ಗುಂಪಿನವು ನಡೆಯಲಾಗದಷ್ಟು ಬೊಜ್ಜು ಬಂದ ನಾಯಿಗಳೇನಲ್ಲ. ನಾವು ನೋಡಿದರೆ ‘ಚೆನ್ನಾಗಿ ಸಾಕಿದ್ದಾರೆ’ ಅನ್ನಬಹುದಾದಂಥವು. ಸುಮಾರು ಎರಡು ವರ್ಷದ ಆಯಸ್ಸು, ಬಟ್ಟಲಿನ ಆ ಕಾಲು ಭಾಗದಲ್ಲಿ! ನಾನು ಇದನ್ನು ಓದಿದ ದಿನವೇ ಅಡುಗೆಮನೆಗೆ ಗ್ರಾಂ ತೋರಿಸುವ ತಕ್ಕಡಿ ತಂದೆ. ಲೋಟದ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ. ನಾನು ತುಂಬಿಸಿದ ಲೋಟ ಒಂದು ತೂಕ, ಅಮ್ಮ ತುಂಬಿಸಿದ್ದು ಇನ್ನೊಂದು ತೂಕ, ಅದೂ ತಲೆ ಮೇಲೆ ಗೋಪುರ ಕಟ್ಟಿ.

ಮೂಳೆಯ ವಿಷಯದಲ್ಲಿ ಆತುರ ಇನ್ನೂ ಅಪಾಯ. ದೊಡ್ಡ ಜಾತಿಯ ಮರಿ ತಂದವರಿಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಕ್ಯಾಲ್ಸಿಯಂ ಟಾನಿಕ್ ಶುರು ಮಾಡಿ, ಕಾಲು ಗಟ್ಟಿಯಾಗುತ್ತೆ.’ ಕೇಳಲು ಸರಿ ಅನಿಸುತ್ತದೆ. ಆದರೆ ಬೆಳೆದ ನಾಯಿಯ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಕಳಿಸುತ್ತದೆ, ಎಳೆಮರಿಯ ಕರುಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಸುಮಾರು ಆರು ತಿಂಗಳವರೆಗೆ ಕೊಟ್ಟದ್ದರಲ್ಲಿ ಬಹಳಷ್ಟು ಒಳಗೆ ಹೋಗುತ್ತದೆ. ಆಗ ಮೂಳೆ ಗಟ್ಟಿಯಾಗುವ ಬದಲು ಬೆಳೆಯುವ ಕ್ರಮವೇ ತಪ್ಪುತ್ತದೆ, ಕೀಲಿನ ಮೆದುಮೂಳೆ ಸರಿಯಾಗಿ ಮೂಳೆಯಾಗುವುದಿಲ್ಲ, ಕಾಲು ಸೊಟ್ಟಗಾಗಬಹುದು. 1980ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಗ್ರೇಟ್ ಡೇನ್ ಮರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಎಲ್ಲರೂ ಬೈಯುತ್ತಿದ್ದದ್ದು ಪ್ರೋಟೀನನ್ನು. ಈಗಲೂ ‘ಪ್ರೋಟೀನ್ ಜಾಸ್ತಿಯಾದರೆ ಮೂಳೆ ಹಾಳು’ ಅನ್ನುವವರು ಸಿಗುತ್ತಾರೆ. ಪಾಪ, ಪ್ರೋಟೀನ್ ಮೇಲಿದ್ದ ಕೇಸು ಯಾವಾಗಲೋ ಬಿದ್ದುಹೋಗಿದೆ. ತಪ್ಪಿತಸ್ಥರು ಇಬ್ಬರು: ಮಿತಿಮೀರಿದ ಕ್ಯಾಲ್ಸಿಯಂ, ಮಿತಿಮೀರಿದ ಕ್ಯಾಲೊರಿ.

ಇದರ ಇನ್ನೊಂದು ತುದಿಯೂ ಇದೆ. ‘ನಾಯಿ ಅಂದರೆ ಮಾಂಸ ತಿನ್ನೋ ಪ್ರಾಣಿ’ ಅಂತ ಬರೀ ಮಾಂಸ ಹಾಕಿ ಸಾಕುವವರು. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮರಿಯ ಮೈ ಆ ಕೊರತೆಯನ್ನು ತನ್ನದೇ ಮೂಳೆಯಿಂದ ತೆಗೆದು ತುಂಬಿಕೊಳ್ಳುತ್ತದೆ. ಮಂಚದಿಂದ ಜಿಗಿದರೆ ಕಾಲು ಮುರಿಯುವಂಥ ಸ್ಥಿತಿ ಬರುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕದ ಪ್ರಮಾಣ ಒಂದಕ್ಕೊಂದು ಸಮ, ಅಥವಾ ಕ್ಯಾಲ್ಸಿಯಂ ಸ್ವಲ್ಪ ಮೇಲು, ಹಾಗಿರಬೇಕು. ಮನೆಯಲ್ಲೇ ಬೇಯಿಸಿ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ನಾಯಿಗೆ ಪಿಷ್ಟ ಜೀರ್ಣವಾಗುವುದಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಪಿಷ್ಟ ಒಡೆಯುವ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತವೆ ಅಂತ 2013ರಲ್ಲೇ ಗೊತ್ತಾಗಿದೆ. ಆದರೆ ದೊಡ್ಡ ನಾಯಿಗೆ ಮನೆ ಊಟ ಹೊಂದಿಸುವುದು ಬೇರೆ, ಬೆಳೆಯುವ ಮರಿಗೆ ಹೊಂದಿಸುವುದು ಬೇರೆ. ಕೈ ಅಳತೆಯಲ್ಲಿ ಅದು ಆಗುವುದಿಲ್ಲ. ಗೊತ್ತಿರುವ ಪಶುವೈದ್ಯರಿಂದ ಬರೆಸಿಕೊಂಡು ಗ್ರಾಂ ಲೆಕ್ಕದಲ್ಲಿ ಮಾಡುವವರು ಮಾಡಲಿ. ನನಗೆ ಅಷ್ಟು ತಾಳ್ಮೆಯಿಲ್ಲ, ಹಾಗಾಗಿ ಕರಿಯನಿಗೆ ಪ್ಯಾಕೆಟ್ ಆಹಾರ.

ಪ್ಯಾಕೆಟ್ ಅಂದಮೇಲೆ ಅದರ ಹಿಂಭಾಗ ಓದುವುದೂ ಒಂದು ವಿದ್ಯೆ. ಮುಂದೆ ಇರುವ ಹೊಳೆಯುವ ನಾಯಿ, ಹಸಿರು ಹುಲ್ಲು, ಇವನ್ನೆಲ್ಲ ಬಿಟ್ಟುಬಿಡಿ. ‘ಬೆಳವಣಿಗೆಗೆ ಸಂಪೂರ್ಣ ಆಹಾರ’ ಅನ್ನುವ ಅರ್ಥದ ಸಾಲು ಇದೆಯೇ ನೋಡಿ. ದೊಡ್ಡ ಜಾತಿಯ ಮರಿಯಾದರೆ, ಅಂದರೆ ಬೆಳೆದಾಗ 32 ಕಿಲೋಗೆ ಹತ್ತಿರ ಹೋಗುವುದಾದರೆ ಅಥವಾ ಅದಕ್ಕೂ ಮೀರುವುದಾದರೆ, ‘ದೊಡ್ಡ ಗಾತ್ರದ ನಾಯಿಗಳ ಬೆಳವಣಿಗೆಯೂ ಸೇರಿ’ ಅಂತ ಬೇರೆಯಾಗಿಯೇ ಬರೆದಿರಬೇಕು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋದ ಮಾನದಂಡದಲ್ಲಿ ಅಂಥ ಆಹಾರಕ್ಕೆ ಕ್ಯಾಲ್ಸಿಯಂನ ಮೇಲ್ಮಿತಿ ಒಣ ತೂಕದ 1.8 ಶೇಕಡಾ.

ಆಮೇಲೆ ಅಳತೆಯ ಪಟ್ಟಿ. ಮರಿಗಳ ಪ್ಯಾಕೆಟ್ಟಿನಲ್ಲಿ ಎಡಗಡೆ ಬರೆದಿರುವ ತೂಕ ಅನೇಕ ಕಡೆ ಮರಿಯ ಇವತ್ತಿನ ತೂಕವಲ್ಲ, ಅದು ಬೆಳೆದ ಮೇಲೆ ಆಗಬಹುದಾದ ತೂಕ. ಮೇಲ್ಗಡೆ ತಿಂಗಳ ಲೆಕ್ಕದಲ್ಲಿ ವಯಸ್ಸು. ಎರಡೂ ಸೇರುವ ಮನೆಯಲ್ಲಿ ಗ್ರಾಂ. ಒಂದು ದಿನಕ್ಕೆ, ಒಂದು ಹೊತ್ತಿಗಲ್ಲ. ಆ ಪಟ್ಟಿ ಕೂಡ ಶುರು ಮಾಡಲು ಒಂದು ಅಂದಾಜು ಅಷ್ಟೇ.

ಹಾಗಾದರೆ ಕೊನೆಯ ಮಾತು ಯಾರದು? ನಾಯಿಯ ಮೈಯದು. ಕಣ್ಣಿನ ನೋಟ ನಂಬಬೇಡಿ, ಕೂದಲು ಮೋಸ ಮಾಡುತ್ತದೆ. ಕೈ ಇಡಬೇಕು. ಮುಷ್ಟಿ ಕಟ್ಟಿ, ಇನ್ನೊಂದು ಕೈಯ ಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ ನೋಡಿ. ಪಕ್ಕೆಲುಬು ಹಾಗೆ ಎದ್ದು ಸಿಕ್ಕಿದರೆ ನಾಯಿ ತೀರಾ ಬಡಕಲು. ಈಗ ಬೆರಳು ಬಿಚ್ಚಿ, ಅಂಗೈ ಮೇಲ್ಮುಖ ಮಾಡಿ, ಬೆರಳ ಬುಡದಲ್ಲಿ ಒತ್ತಿ ನೋಡಿ. ಮೂಳೆ ಎಲ್ಲೋ ಆಳದಲ್ಲಿದೆ, ಅಲ್ವಾ? ಪಕ್ಕೆ ಹೀಗಿದ್ದರೆ ಕೊಬ್ಬು ಜಾಸ್ತಿಯಾಗಿದೆ. ಕೈ ತಿರುಗಿಸಿ ಹಿಂಗೈ ಮೇಲೆ ಸವರಿ. ಮೂಳೆ ಒಂದೊಂದೂ ಸಿಗುತ್ತದೆ, ಮೇಲೊಂದು ತೆಳು ಪದರ. ಇದು ಸರಿ. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಮೇಲಕ್ಕೆ ಎಳೆದುಕೊಂಡಿರಬೇಕು. ಪಶುವೈದ್ಯರು ಇದಕ್ಕೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಪಾಸು. ಇಲ್ಲಿ ಜಾಸ್ತಿ ಅಂಕ ತೆಗೆದವರು ಫೇಲು.

ವಾರಕ್ಕೊಮ್ಮೆ ಕರಿಯನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ, ಆಮೇಲೆ ನಾನೊಬ್ಬನೇ ನಿಂತು ಕಳೆಯುತ್ತಿದ್ದೆ. ಎತ್ತಲಾಗದ ಕಾಲ ಬೇಗ ಬಂತು. ಆಮೇಲೆ ಪಕ್ಕೆ ಮುಟ್ಟಿ ನೋಡುವುದೇ ಲೆಕ್ಕ. ಸ್ವಲ್ಪ ಮೆತ್ತಗೆ ಸಿಕ್ಕರೆ ದಿನದ ಅಳತೆಯಲ್ಲಿ ಹತ್ತಕ್ಕೊಂದು ಭಾಗ ಕಡಿಮೆ, ಚೂಪಾಗಿ ಸಿಕ್ಕರೆ ಅಷ್ಟೇ ಜಾಸ್ತಿ. ಹೊಟ್ಟೆ ಮಾತ್ರ ಉಬ್ಬಿ ಪಕ್ಕೆ ಸೊರಗಿದ್ದರೆ ಅದು ಊಟದ ಪ್ರಶ್ನೆಯೇ ಅಲ್ಲದಿರಬಹುದು. ಜಂತುಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಬರುತ್ತದೆ, ಹಾಲಿನಲ್ಲೂ ಬರುತ್ತದೆ. ಎರಡನೇ ವಾರದಿಂದಲೇ ಔಷಧಿ ಶುರು ಮಾಡುವುದು ಅದಕ್ಕೇ.

ದಿನಕ್ಕೆ ಎಷ್ಟು ಸಲ ಅನ್ನುವುದು ಸುಲಭದ ಭಾಗ. ಮೂರು ತಿಂಗಳವರೆಗೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಅಂಗೈಯಲ್ಲಿ ಹಿಡಿಸುವ ಪುಟ್ಟ ಜಾತಿಯ ಮರಿಗಳನ್ನು ಮಾತ್ರ ಹೊತ್ತು ತಪ್ಪಿಸಿ ಕಾಯಿಸಬಾರದು. ಅವುಗಳ ರಕ್ತದಲ್ಲಿ ಸಕ್ಕರೆ ಥಟ್ಟನೆ ಇಳಿದು ನಡುಕ ಬರಬಹುದು, ಜ್ಞಾನ ತಪ್ಪಬಹುದು. ಆಳ ಎದೆಯ ದೊಡ್ಡ ನಾಯಿಗಳಿಗೆ ಬೆಳೆದ ಮೇಲೂ ಎರಡು ಸಲವೇ ಹಾಕುವುದು ಒಳ್ಳೆಯದು. ಒಂದೇ ಸಲ ರಾಶಿ ತಿಂದರೆ, ಅದೂ ಗಬಗಬ ತಿಂದರೆ, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಅದು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ನೀರು ಯಾವಾಗಲೂ ಇರಲಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಝೈಲಿಟಾಲ್, ಬೇಯಿಸಿದ ಮೂಳೆ: ಇವು ಯಾವ ವಯಸ್ಸಿನ ನಾಯಿಗೂ ಬೇಡ.

ನಾಲ್ಕನೇ ತಿಂಗಳ ಆಸುಪಾಸಿನಲ್ಲಿ ಮರಿ ಇದ್ದಕ್ಕಿದ್ದಂತೆ ಊಟ ಬಿಟ್ಟಂತೆ ಆಡಬಹುದು. ಹಾಲುಹಲ್ಲು ಬೀಳುವ ಕಾಲ. ಕರಿಯನ ಅಕ್ಕಿಕಾಳಿನಷ್ಟಿದ್ದ ಒಂದು ಹಲ್ಲು ಚಾಪೆಯ ಮೇಲೆ ಸಿಕ್ಕಿತು. ಉಳಿದವನ್ನೆಲ್ಲ ಅವನೇ ನುಂಗಿರಬೇಕು. ಒಸಡು ನೋಯುತ್ತಿರುತ್ತದೆ, ಬೆಳವಣಿಗೆಯ ವೇಗವೂ ತಗ್ಗುತ್ತಿರುತ್ತದೆ. ಆಗ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಟ್ಟರೆ ಸಾಕು. ಗಾಬರಿಯಾಗಿ ದಿನಕ್ಕೊಂದು ಹೊಸ ರುಚಿ ಇಟ್ಟರೆ ಮರಿ ಕಲಿಯುವ ಪಾಠ ಒಂದೇ: ಹಟ ಮಾಡಿದರೆ ಇನ್ನೂ ಒಳ್ಳೆಯದು ಬರುತ್ತದೆ. ಏಳು ತಿಂಗಳ ಹೊತ್ತಿಗೆ 42 ಹಲ್ಲೂ ಬಂದಿರುತ್ತವೆ.

ಅಕ್ಕನ ಮನೆಯಲ್ಲೂ ಒಂದು ನಾಯಿಯಿದೆ, ಕರಿಯನ ವಯಸ್ಸಿನದೇ, ಪುಟ್ಟ ಜಾತಿಯದು. ಅದು ಹತ್ತು ತಿಂಗಳಿಗೆ ಬೆಳೆದು ನಿಂತಿತು, ದೊಡ್ಡವರ ಆಹಾರಕ್ಕೆ ಬದಲಾಯಿತು. ಕರಿಯ ಆಗ ಇನ್ನೂ ಉದ್ದ ಕಾಲಿನ ಪುಕ್ಕಲು ಹುಡುಗ. ಅಕ್ಕ ಬಂದವಳೇ ಅವನ ಸೊಂಟ ನೋಡಿ, ‘ಏನೋ ಇದು, ಮರೀನ ಉಪವಾಸ ಕೆಡವ್ತಿದೀಯಾ?’ ಅಂದಳು. ಅವನ ಬೆಳವಣಿಗೆ ಇನ್ನೂ ಮುಗಿದಿಲ್ಲ ಕಣೇ ಅಂದರೆ ನಂಬಲಿಲ್ಲ. ಪುಟ್ಟ ಜಾತಿಗಳು 9–12 ತಿಂಗಳಿಗೆ, ದೊಡ್ಡವು 12–18ಕ್ಕೆ, ತೀರಾ ದೈತ್ಯ ಜಾತಿಗಳು ಎರಡು ವರ್ಷದ ಹತ್ತಿರ ಹೋಗಿ ನಿಲ್ಲುತ್ತವೆ. ಕಡಿಮೆ ತಿಂದ ಮರಿ ಕುಳ್ಳಗಾಗುವುದಿಲ್ಲ. ಪೋಷಕಾಂಶ ಸರಿಯಿದ್ದರೆ ಅದು ಮುಟ್ಟಬೇಕಾದ ಎತ್ತರವನ್ನೇ ಮುಟ್ಟುತ್ತದೆ, ಸ್ವಲ್ಪ ತಡವಾಗಿ.

ಆಹಾರ ಬದಲಿಸುವಾಗ ಒಂದು ವಾರದಿಂದ ಹತ್ತು ದಿನ ಹಿಡಿಯಲಿ. ಮೊದಲು ಮುಕ್ಕಾಲು ಹಳೆಯದು ಕಾಲು ಹೊಸದು, ಆಮೇಲೆ ಅರ್ಧ ಅರ್ಧ, ಹಾಗೆ. ಸಂತಾನಹರಣ ಆಪರೇಷನ್ ಆದರೆ ಬೇಕಾಗುವ ಕ್ಯಾಲೊರಿ 20–30 ಶೇಕಡಾ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಬಹಳಷ್ಟು ನಾಯಿಗಳು ದಪ್ಪಗಾಗಲು ಶುರುವಾಗುವುದು ಇಲ್ಲೇ. ಮೊದಲೇ ಗೊತ್ತಿದ್ದರೆ ಆಪರೇಷನ್ ಆದ ವಾರದಿಂದಲೇ ಅಳತೆ ಇಳಿಸಬಹುದು.

ಹಸಿವಿನ ವಿಷಯಕ್ಕೆ ಬಂದರೆ, ಕರಿಯನ ಕಣ್ಣಿಗೆ ಸೋಲಬಾರದು ಅಂತ ನನಗೆ ಧೈರ್ಯ ಕೊಟ್ಟದ್ದು 2016ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ಒಂದು ಸಂಶೋಧನೆ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಣುಕೇ ಇಲ್ಲ. ಅದಿಲ್ಲದ ನಾಯಿಗಳಿಗೆ ತಿಂಡಿಯ ಆಸೆಯೂ ಜಾಸ್ತಿ, ಮೈತೂಕವೂ ಜಾಸ್ತಿ. ಅಂದರೆ ಬಟ್ಟಲು ನೆಕ್ಕಿ ನೆಕ್ಕಿ ನಮ್ಮ ಮುಖ ನೋಡುವುದಕ್ಕೂ ಹೊಟ್ಟೆ ಖಾಲಿ ಇರುವುದಕ್ಕೂ ಸಂಬಂಧವೇ ಇರಬೇಕಾಗಿಲ್ಲ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ, ‘ಜೀನೋ ಗೀನೋ, ನೋಡೋಕಾಗಲ್ಲ ಕಣೋ’ ಅಂದರು. ಕೊಡುವ ಕೈಯನ್ನು ತಡೆಯಲಾಗುವುದಿಲ್ಲ ಅಂತ ಗೊತ್ತಾದ ಮೇಲೆ ಬೇರೆ ದಾರಿ ಹುಡುಕಿದೆ. ಚೂರುಪಾರು ತಿಂಡಿ ದಿನದ ಕ್ಯಾಲೊರಿಯಲ್ಲಿ ಹತ್ತು ಶೇಕಡಾ ದಾಟಬಾರದು ಅನ್ನುತ್ತಾರಲ್ಲ, ಬೆಳಿಗ್ಗೆ ತಕ್ಕಡಿಯಲ್ಲಿ ತೂಗುವಾಗಲೇ ಕರಿಯನ ಪಾಲಿನಿಂದ ಅಷ್ಟನ್ನು ತೆಗೆದು ಒಂದು ಪುಟ್ಟ ಡಬ್ಬಿಗೆ ಹಾಕಿ ಅಮ್ಮನ ಕುರ್ಚಿಯ ಪಕ್ಕ ಇಟ್ಟೆ. ದಿನವಿಡೀ ಅವರು ಒಂದೊಂದೇ ಕಾಳು ಕೊಡುತ್ತಾರೆ, ಅವನು ಒಂದೊಂದಕ್ಕೂ ಕೂತು ಕೈ ಕೊಡುತ್ತಾನೆ. ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಅದು ಅವನ ಊಟದಿಂದಲೇ ತೆಗೆದದ್ದು ಅಂತ ಅಮ್ಮನಿಗೆ ಗೊತ್ತಾಯಿತು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ‘ಹಾಗಾದ್ರೆ ಬಟ್ಟಲಿಗೆ ಹಾಕೋದನ್ನ ಇನ್ನೂ ಕಡಿಮೆ ಮಾಡು, ಡಬ್ಬಿಗೆ ಜಾಸ್ತಿ ಹಾಕು’ ಅಂತ ಚೌಕಾಸಿಗೆ ಇಳಿದಿದ್ದಾರೆ. ಮಾತುಕತೆ ಇನ್ನೂ ನಡೆಯುತ್ತಿದೆ.